ಮಲೆನಾಡಿನ ಮಳೆಗೂ ಬಗ್ಗದ ಬ್ಯಾಟರಿ: ಕ್ಯಾರವಾನ್ ಟ್ರೇಲರ್‌ಗೆ ಸ್ವಂತ ಕರೆಂಟ್ ಮಾಡಿಕೊಳ್ಳುವುದು ಹೇಗೆ

ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವ ಕ್ಯಾರವಾನ್ ಟ್ರೇಲರ್‌ಗೆ ಕರೆಂಟ್ ಬೇಕು ಅಂದರೆ ಎಲ್ಲರೂ ಹೇಳುವುದು ಒಂದೇ ಮಾತು. ಮೇಲೆ ಸೋಲಾರ್ ಪ್ಯಾನೆಲ್ ಹಾಕಿ, ಒಳಗೆ ಬ್ಯಾಟರಿ ಇಡಿ, ಮುಗಿಯಿತು. ಚಿತ್ರದುರ್ಗದಲ್ಲೋ ಬಳ್ಳಾರಿಯಲ್ಲೋ ಈ ಮಾತು ನಡೆಯುತ್ತದೆ. ಜುಲೈ ತಿಂಗಳ ಆಗುಂಬೆಯಲ್ಲಿ ನಡೆಯುವುದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರು ಅದು. ಪುನರ್ವಸು, ಪುಷ್ಯ ಮಳೆ ಹಿಡಿಯಿತು ಅಂದರೆ ದಿನಗಟ್ಟಲೆ ಸೂರ್ಯ ಕಾಣುವುದಿಲ್ಲ.

ಹಾಗಾಗಿ ಮಲೆನಾಡಿನಲ್ಲಿ ತಿರುಗುವವರು ಲೆಕ್ಕವನ್ನು ಮಳೆಗಾಲದಿಂದಲೇ ಶುರು ಮಾಡಬೇಕು. ಗಾಡಿ ಓಡುವಾಗ ಅದರ ಡೈನಮೋ ಕೊಡುವ ಕರೆಂಟನ್ನೇ ಮುಖ್ಯ ಅಂದುಕೊಳ್ಳಿ. ಬಿಸಿಲು ಸಿಕ್ಕಿದ್ದೆಲ್ಲ ಲಾಭ. ಈ ಬರಹ ಪೂರ್ತಿ ನಿಂತಿರುವುದು ಈ ಲೆಕ್ಕದ ಮೇಲೆ.

ಶುರು ಮಾಡುವ ಮುಂಚೆ ಕಾಗದಪತ್ರ ನೋಡಿಕೊಳ್ಳಿ. ಟ್ರೇಲರ್‌ಗೆ ನೋಂದಣಿ ಬೇಕು. ಗಾಡಿಯ ಮೂಲ ರಚನೆ ಬದಲಿಸುವುದಾದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಕೆಲಸಕ್ಕೆ ಕೈ ಹಾಕುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಮೊದಲ ಹೆಜ್ಜೆ: ದಿನಕ್ಕೆ ಎಷ್ಟು ಬೇಕು?

ಮನೆಯ ಕರೆಂಟ್ ಬಿಲ್‌ನಲ್ಲಿ ಬರುವ ಯೂನಿಟ್ ಎಲ್ಲರಿಗೂ ಗೊತ್ತು. ಒಂದು ಯೂನಿಟ್ ಅಂದರೆ 1,000 ವ್ಯಾಟ್-ಅವರ್. ನೂರು ವ್ಯಾಟ್‌ನ ಸಾಮಾನು ಹತ್ತು ಗಂಟೆ ಓಡಿದರೆ ಒಂದು ಯೂನಿಟ್. ಟ್ರೇಲರ್‌ನಲ್ಲಿ ದಿನಕ್ಕೆ ಒಂದು ಯೂನಿಟ್ ಒಳಗೇ ಇರಬೇಕು ಅಂತ ಗುರಿ ಇಟ್ಟುಕೊಳ್ಳಿ. ಗಂಡ, ಹೆಂಡತಿ, ಒಂದು ಮಗು ಇರುವ ಸಂಸಾರಕ್ಕೆ ಲೆಕ್ಕ ವ್ಯಾಟ್-ಅವರ್‌ನಲ್ಲಿ ಹೀಗೆ ಬರುತ್ತದೆ:

ಎಲ್‌ಇಡಿ ದೀಪ, 5 ವ್ಯಾಟ್‌ನವು ನಾಲ್ಕು, 4 ಗಂಟೆ: 80
12 ವೋಲ್ಟ್ ಫ್ಯಾನ್, 20 ವ್ಯಾಟ್, 6 ಗಂಟೆ: 120
12 ವೋಲ್ಟ್ ಕಂಪ್ರೆಸರ್ ಫ್ರಿಜ್, ಚಿಕ್ಕದು, ದಿನಪೂರ್ತಿ: 400
ಮೊಬೈಲ್‌ಗಳು: 50
ಲ್ಯಾಪ್‌ಟಾಪ್: 80
ನೀರಿನ ಪಂಪ್, 60 ವ್ಯಾಟ್, 20 ನಿಮಿಷ: 20
ಮಿಕ್ಸಿ, ಐದು ನಿಮಿಷ: 50

ಒಟ್ಟು 800 ವ್ಯಾಟ್-ಅವರ್. ಇನ್ವರ್ಟರ್‌ನಲ್ಲಿ, ವೈರಿನಲ್ಲಿ ಸೋರಿ ಹೋಗುವುದನ್ನು ಸೇರಿಸಿ 950 ಅಂತ ಇಟ್ಟುಕೊಳ್ಳೋಣ. ಪಟ್ಟಿಯಲ್ಲಿ ಅರ್ಧದಷ್ಟು ಫ್ರಿಜ್ ಒಂದೇ ತಿನ್ನುತ್ತದೆ, ನೋಡಿ. ಎರಡೇ ದಿನದ ತಿರುಗಾಟವಾದರೆ ಫ್ರಿಜ್ ಬಿಟ್ಟು ಐಸ್ ಪೆಟ್ಟಿಗೆಯಲ್ಲಿ ಹಾಲು, ತರಕಾರಿ ಇಟ್ಟುಕೊಳ್ಳಬಹುದು. ಆಗ ಬ್ಯಾಟರಿಯ ಗಾತ್ರ ಅರ್ಧಕ್ಕೆ ಇಳಿಯುತ್ತದೆ.

ಪಟ್ಟಿಯಲ್ಲಿ ಇಂಡಕ್ಷನ್ ಒಲೆ, ಗೀಸರ್, ಎಲೆಕ್ಟ್ರಿಕ್ ಕೆಟಲ್ ಇಲ್ಲ. ಬೇಕಂತಲೇ ಬಿಟ್ಟಿದ್ದೇನೆ. 2,000 ವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ ಇಡೀ ದಿನದ ಪಾಲು ಖಾಲಿ. ಅಕ್ಕಿರೊಟ್ಟಿ, ಕಾಫಿ, ಬಿಸಿನೀರು ಎಲ್ಲ ಗ್ಯಾಸಿನಲ್ಲೇ ಆಗಲಿ. ಬ್ಯಾಟರಿಯಿಂದ ಬಿಸಿ ಮಾಡುವ ಕೆಲಸ ಮಾಡಿಸಬೇಡಿ.

ಬ್ಯಾಟರಿ ಯಾವುದು, ಎಷ್ಟು?

ಮನೆಯ ಯುಪಿಎಸ್‌ಗೆ ಇಡುವ ಟ್ಯೂಬುಲರ್ ಬ್ಯಾಟರಿಯನ್ನೇ ಟ್ರೇಲರ್‌ಗೆ ಹಾಕಿದರೆ ಆಗಲ್ವಾ ಅಂತ ಬಹಳ ಜನ ಕೇಳುತ್ತಾರೆ. ಆಗುತ್ತದೆ, ಆದರೆ ನಾನು ಬೇಡ ಅನ್ನುತ್ತೇನೆ. 150 ಆಂಪಿಯರ್-ಅವರ್‌ನ ಟ್ಯೂಬುಲರ್ 50 ಕೆ.ಜಿ. ದಾಟುತ್ತದೆ. ಬಾಳಿಕೆ ಬರಬೇಕಾದರೆ ಅದರ ಅರ್ಧ ಮಾತ್ರ ಬಳಸಬೇಕು. ಆಂಪಿಯರ್-ಅವರನ್ನು 12 ವೋಲ್ಟ್‌ನಿಂದ ಗುಣಿಸಿದರೆ 1,800 ವ್ಯಾಟ್-ಅವರ್, ಅದರಲ್ಲಿ ಕೈಗೆ ಸಿಗುವುದು 900. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದು ಹೊರಗೆ ಹೋಗಲು ದಾರಿ ಮಾಡಬೇಕು. ಘಾಟಿ ತಿರುವುಗಳಲ್ಲಿ ಆಸಿಡ್ ತುಳುಕುವ ಭಯ ಬೇರೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಒಮ್ಮೆಗೆ ಕೊಡುವ ದುಡ್ಡು ಜಾಸ್ತಿ. ಆದರೆ 100 ಆಂಪಿಯರ್-ಅವರ್‌ನದು ಹನ್ನೆರಡು ಕೆ.ಜಿ. ಆಸುಪಾಸು ತೂಗುತ್ತದೆ. ವೋಲ್ಟೇಜ್ 12.8, ಹಾಗಾಗಿ ಒಳಗಿರುವುದು 1,280 ವ್ಯಾಟ್-ಅವರ್. ಅದರಲ್ಲಿ ಶೇಕಡಾ 85 ಧೈರ್ಯವಾಗಿ ಬಳಸಬಹುದು. ಸರಿಯಾಗಿ ನೋಡಿಕೊಂಡರೆ 2,000ಕ್ಕೂ ಹೆಚ್ಚು ಸಲ ತುಂಬಿ ಖಾಲಿಯಾಗುತ್ತದೆ. ಶೂನ್ಯ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಬಾರದು. ನಮ್ಮ ಮಲೆನಾಡಿನ ಚಳಿಗೆ ಆ ಚಿಂತೆ ಇಲ್ಲ. ಏಪ್ರಿಲ್‌ನಲ್ಲಿ ದಾವಣಗೆರೆ ಕಡೆ ಇಳಿದು ಬಿಸಿಲಿಗೆ ನಿಲ್ಲಿಸಿದರೆ ಮಾತ್ರ ಪೆಟ್ಟಿಗೆ ಒಳಗೆ ಗಾಳಿ ಆಡುವಂತೆ ನೋಡಿಕೊಳ್ಳಿ.

ಎಷ್ಟು ಬೇಕು? ಚಾರ್ಜ್ ಇಲ್ಲದೆ ಎರಡು ದಿನ ತಳ್ಳಬೇಕು ಅಂತ ನಾನು ಹಿಡಿಯುತ್ತೇನೆ. ಜಡಿಮಳೆಗೆ ಮರ ಬಿದ್ದು ರಸ್ತೆ ಮುಚ್ಚಿ, ಇದ್ದಲ್ಲೇ ಇರಬೇಕಾದ ಪ್ರಸಂಗ ಇಲ್ಲಿ ಬರುತ್ತದೆ. ದಿನಕ್ಕೆ 950ರಂತೆ ಎರಡು ದಿನಕ್ಕೆ 1,900. 200 ಆಂಪಿಯರ್-ಅವರ್ ಬ್ಯಾಟರಿಯ ಶೇಕಡಾ 85 ಅಂದರೆ 2,176. ಸರಿಯಾಗಿ ಕೂರುತ್ತದೆ.

200ರದ್ದು ಒಂದೇ ತೆಗೆದುಕೊಂಡರೆ ಒಳ್ಳೆಯದು. ನೂರರದ್ದು ಎರಡು ಕೂಡಿಸುವುದಾದರೆ ಒಂದೇ ಕಂಪನಿ, ಒಂದೇ ವಯಸ್ಸಿನವು ಇರಲಿ. ಎರಡನ್ನೂ ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ ಆಮೇಲೆ ಜೋಡಿಸಿ. ಪಾಸಿಟಿವ್ ಕೇಬಲ್ ಒಂದು ಬ್ಯಾಟರಿಯಿಂದ, ನೆಗೆಟಿವ್ ಇನ್ನೊಂದರಿಂದ ತೆಗೆದರೆ ಎರಡರ ಮೇಲೂ ಹೊರೆ ಸಮ ಬೀಳುತ್ತದೆ. ಬ್ಯಾಟರಿಯೊಳಗಿನ ರಕ್ಷಣಾ ಬೋರ್ಡ್, ಅಂದರೆ ಬಿಎಂಎಸ್, ಒಮ್ಮೆಗೆ ಎಷ್ಟು ಆಂಪಿಯರ್ ಬಿಡುತ್ತದೆ ಅಂತ ಕೊಳ್ಳುವಾಗಲೇ ಕೇಳಿ. ಮುಂದೆ ಹೇಳುವ ಇನ್ವರ್ಟರ್‌ಗೆ 100 ಆಂಪಿಯರ್ ಆದರೂ ಇರಬೇಕು.

ಓಡುವ ಗಾಡಿಯಿಂದ ಚಾರ್ಜ್

ಇಡೀ ವ್ಯವಸ್ಥೆಯಲ್ಲಿ ನಾನು ಮೊದಲು ದುಡ್ಡು ಹಾಕು ಅನ್ನುವುದು ಇಲ್ಲಿಗೆ. 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್, ಅಂದರೆ ಗಾಡಿಯ ಕರೆಂಟನ್ನು ಟ್ರೇಲರ್ ಬ್ಯಾಟರಿಗೆ ಬೇಕಾದ ವೋಲ್ಟೇಜಿಗೆ ತಂದು ತುಂಬುವ ಪೆಟ್ಟಿಗೆ, ಒಂದು ತಂದುಕೊಳ್ಳಿ. ಅದು ಬ್ಯಾಟರಿಗೆ ಸುಮಾರು 400 ವ್ಯಾಟ್ ತುಂಬುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿ ಮೇಲೆ ಆಗುಂಬೆಗೆ ಟ್ರೇಲರ್ ಎಳೆದುಕೊಂಡು ಹೋಗಲು ಎರಡೂವರೆ ಗಂಟೆ ಹಿಡಿಯಿತು ಅನ್ನಿ. ಅಷ್ಟರಲ್ಲಿ 1,000 ವ್ಯಾಟ್-ಅವರ್ ಒಳಗೆ ಬಂದಿರುತ್ತದೆ. ಒಂದು ದಿನದ ಖರ್ಚು ಅಲ್ಲಿಗೆ ಮುಗಿಯಿತು. ಹೊರಗೆ ಎಷ್ಟೇ ಮಳೆ ಹೊಯ್ಯಲಿ.

ಗಾಡಿಯ ಬ್ಯಾಟರಿಯಿಂದ ಟ್ರೇಲರ್ ಬ್ಯಾಟರಿಗೆ ನೇರ ವೈರ್ ಎಳೆದರೆ ಸಾಲದೇ? ಸಾಲದು. ಈಗಿನ ಬಿಎಸ್-6 ಗಾಡಿಗಳಲ್ಲಿ ಬಹಳಷ್ಟು ಡೈನಮೋಗಳು ಡೀಸೆಲ್ ಉಳಿಸಲು ವೋಲ್ಟೇಜನ್ನು ತಾವೇ ಏರಿಸಿ ಇಳಿಸುತ್ತವೆ. ಲಿಥಿಯಂ ಪೂರ್ತಿ ತುಂಬಲು ಬೇಕಾದ 14 ವೋಲ್ಟ್ ಮೇಲಿನ ಒತ್ತಡ ಸಿಗುವುದೇ ಇಲ್ಲ. ಇನ್ನೊಂದು ಕಡೆ, ಖಾಲಿ ಲಿಥಿಯಂ ಬ್ಯಾಟರಿ ಸಿಕ್ಕಷ್ಟೂ ಎಳೆಯುತ್ತದೆ. ಡೈನಮೋ ಕಾದು ಸುಟ್ಟು ಹೋಗಬಹುದು. ಡಿಸಿ-ಡಿಸಿ ಚಾರ್ಜರ್ ಎರಡಕ್ಕೂ ಉತ್ತರ. ನಿಮ್ಮ ಡೈನಮೋ ಎಷ್ಟು ಆಂಪಿಯರ್‌ನದು ಅಂತ ನೋಡಿಕೊಳ್ಳಿ. ಅದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಟ್ರೇಲರ್‌ಗೆ ಕೇಳಬೇಡಿ.

ಚಾರ್ಜರ್ ಟ್ರೇಲರ್ ಒಳಗೆ, ಬ್ಯಾಟರಿಯ ಹತ್ತಿರ ಇರಲಿ. ಇಂಜಿನ್ ಓಡುವಾಗ ಮಾತ್ರ ಆನ್ ಆಗುವಂತೆ ಇಗ್ನಿಷನ್‌ನಿಂದ ಒಂದು ಸಣ್ಣ ವೈರ್ ಕೊಡಿ. ಇಲ್ಲದಿದ್ದರೆ ನಿಂತ ಗಾಡಿಯ ಬ್ಯಾಟರಿ ರಾತ್ರಿ ಖಾಲಿಯಾಗಿ, ಬೆಳಿಗ್ಗೆ ಸೆಲ್ಫ್ ಹೊಡೆಯುವುದಿಲ್ಲ. ದಪ್ಪ ಕೇಬಲ್‌ಗೆ ಗಾಡಿಯ ಹಿಂದೆ ಆ್ಯಂಡರ್ಸನ್ ಕನೆಕ್ಟರ್ (ಹೆಚ್ಚು ಆಂಪಿಯರ್ ತಡೆಯುವ, ಎಳೆದು ಬಿಡಿಸಬಹುದಾದ ಪ್ಲಗ್) ಹಾಕಿ. ಟ್ರೇಲರ್ ಲೈಟಿನ ಏಳು ಪಿನ್ ಸಾಕೆಟ್‌ನಿಂದ ಈ ಕರೆಂಟ್ ತೆಗೆಯಲೇಬೇಡಿ. ಆ ವೈರ್ ಇಂಡಿಕೇಟರ್‌ಗೆ ಸಾಕು, 30 ಆಂಪಿಯರ್‌ಗೆ ಕರಗುತ್ತದೆ. ಕೇಬಲ್ 16 ಸ್ಕ್ವೇರ್ ಎಂಎಂ ಇರಲಿ, ಎರಡೂ ತುದಿಯಲ್ಲಿ 50 ಆಂಪಿಯರ್ ಫ್ಯೂಸ್ ಇರಲಿ. ಎರಡೂ ಕಡೆ ಬ್ಯಾಟರಿ ಇರುವುದರಿಂದ ನಡುವೆ ಕೇಬಲ್ ತುಂಡಾದರೆ ಎರಡೂ ಕಡೆಯಿಂದ ಕರೆಂಟ್ ನುಗ್ಗಬಹುದು.

ಬಿಸಿಲಿನಿಂದ ಚಾರ್ಜ್

200 ವ್ಯಾಟ್ ಪ್ಯಾನೆಲ್ ಸಾಕು. ಫೆಬ್ರವರಿಯಿಂದ ಮೇ ವರೆಗೆ ತೆರೆದ ಜಾಗದಲ್ಲಿ ನಿಲ್ಲಿಸಿದರೆ ದಿನಕ್ಕೆ 600ರಿಂದ 700 ವ್ಯಾಟ್-ಅವರ್ ಕೊಡುತ್ತದೆ. ದಟ್ಟ ಮೋಡದಲ್ಲಿ ಅದೇ ಪ್ಯಾನೆಲ್ ತನ್ನ ಶಕ್ತಿಯ ಶೇಕಡಾ 10ರಿಂದ 25ಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಅದನ್ನು ನಂಬಿ ಫ್ರಿಜ್ ಓಡಿಸಲು ಆಗುವುದಿಲ್ಲ. ಮೊಬೈಲ್, ದೀಪಗಳಿಗೆ ಸಾಲಬಹುದು.

ನಮ್ಮ ಕಡೆ ಮೋಡದಷ್ಟೇ ತೊಂದರೆ ಕೊಡುವುದು ನೆರಳು. ಹೋಮ್‌ಸ್ಟೇ ಅಂದರೆ ಅಡಿಕೆ ತೋಟದ ಪಕ್ಕ, ಹಲಸಿನ ಮರದ ಕೆಳಗೆ. ಪ್ಯಾನೆಲ್‌ನ ಒಂದು ಮೂಲೆಗೆ ಸೋಗೆಯ ನೆರಳು ಬಿದ್ದರೂ ಉತ್ಪಾದನೆ ಅರ್ಧಕ್ಕೆ, ಅದಕ್ಕಿಂತ ಕೆಳಕ್ಕೆ ಕುಸಿಯಬಹುದು. ಹಾಗಾಗಿ ನೂರು ವ್ಯಾಟ್ ಒಂದನ್ನು ಟ್ರೇಲರ್‌ನ ಮಾಡಿಗೆ (ಚಾವಣಿಗೆ) ಕೂರಿಸಿ, ಇನ್ನೊಂದನ್ನು ಮಡಚುವಂಥದ್ದು ಇಟ್ಟುಕೊಂಡು ಬ್ಯಾಣದಲ್ಲೋ ಅಂಗಳದಲ್ಲೋ ಬಿಸಿಲು ಬೀಳುವ ಕಡೆ ಹರಡುವುದು ಇಲ್ಲಿಗೆ ಹೇಳಿ ಮಾಡಿಸಿದ ದಾರಿ. ಎರಡನ್ನೂ ಪ್ಯಾರಲಲ್ ಆಗಿ, ಅಂದರೆ ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್ ಸೇರಿಸಿ ಜೋಡಿಸಿ. ಒಂದಕ್ಕೆ ನೆರಳಾದರೂ ಇನ್ನೊಂದು ಕೆಲಸ ಮಾಡುತ್ತದೆ. ಮಾಡಿನ ಪ್ಯಾನೆಲ್ ಕೆಳಗೆ ಗಾಳಿ ಓಡಾಡಲು ಒಂದಿಂಚಿಗಿಂತ ಹೆಚ್ಚು ಜಾಗ ಬಿಡಿ.

ಪ್ಯಾನೆಲ್ ಮತ್ತು ಬ್ಯಾಟರಿ ನಡುವಿನ ಕಂಟ್ರೋಲರ್ ಎಂಪಿಪಿಟಿ ಮಾದರಿಯದೇ (ಪ್ಯಾನೆಲ್‌ನಿಂದ ಸಿಗುವಷ್ಟನ್ನೂ ಹಿಂಡಿ ತೆಗೆಯುವಂಥದ್ದು) ಇರಲಿ, 20 ಆಂಪಿಯರ್‌ನದು. ಲಿಥಿಯಂ ಸೆಟ್ಟಿಂಗ್‌ನಲ್ಲಿ ಚಾರ್ಜ್ ವೋಲ್ಟೇಜ್ 14.2ರಿಂದ 14.4, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 13.5. ಬ್ಯಾಟರಿ ಕಂಪನಿಯ ಹಾಳೆಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ.

ಹೋಮ್‌ಸ್ಟೇ ಕರೆಂಟ್‌ನಿಂದ ಚಾರ್ಜ್

ಜೋಗದಲ್ಲಿ 1948ರಿಂದ ಕರೆಂಟ್ ತಯಾರಾಗುತ್ತಿದೆ. ಆದರೂ ಸುತ್ತಲಿನ ಹಳ್ಳಿಗಳಲ್ಲಿ ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದರೆ ಕತ್ತಲೆಯೇ. ಇದ್ದಾಗ ತುಂಬಿಕೊಳ್ಳಬೇಕು. 20 ಆಂಪಿಯರ್‌ನ ಲಿಥಿಯಂ ಚಾರ್ಜರ್ ಸಾಮಾನ್ಯ 5 ಆಂಪಿಯರ್ ಸಾಕೆಟ್‌ನಲ್ಲೇ ನಡೆಯುತ್ತದೆ; ಆ 20 ಬ್ಯಾಟರಿ ಕಡೆಯ ಲೆಕ್ಕ, ಸಾಕೆಟ್‌ನಿಂದ ಎಳೆಯುವುದು ತೀರಾ ಕಡಿಮೆ. ಪೂರ್ತಿ ಖಾಲಿ ಇದ್ದರೂ ರಾತ್ರಿ ಬೆಳಗಾಗುವಷ್ಟರಲ್ಲಿ ತುಂಬುತ್ತದೆ.

ಇಲ್ಲಿ ಜೀವದ ಪ್ರಶ್ನೆ ಇದೆ, ದಯವಿಟ್ಟು ನಿಧಾನವಾಗಿ ಓದಿ. ಟ್ರೇಲರ್‌ನ ಮೈ ಲೋಹದ್ದು. ನೆಲ ಒದ್ದೆ. ಒಳಗೆಲ್ಲೋ 230 ವೋಲ್ಟ್ ಮೈಗೆ ತಾಗಿದ್ದರೆ, ಬರಿಗಾಲಿನಲ್ಲಿ ನಿಂತು ಬಾಗಿಲ ಹಿಡಿ ಮುಟ್ಟಿದವರ ಮೂಲಕ ಕರೆಂಟ್ ನೆಲಕ್ಕೆ ಹೋಗುತ್ತದೆ. ಸಾಕೆಟ್‌ನಿಂದ ಬರುವ ವೈರ್ ಟ್ರೇಲರ್ ಒಳಗೆ ಮೊದಲು ಸೇರಬೇಕಾದ್ದು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿಗೆ, ಅಂದರೆ ಕರೆಂಟ್ ನೆಲಕ್ಕೆ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್‌ಗೆ. ಪ್ಲಗ್ ಹಾಕುವ ಮೊದಲು ಮಲ್ಟಿಮೀಟರ್ ಹಿಡಿದು ಸಾಕೆಟ್ ನೋಡಿ. ಫೇಸ್ ಮತ್ತು ಅರ್ಥ್ ನಡುವೆ ಸುಮಾರು 230 ತೋರಿಸಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಮಾತ್ರ. ಹಾಗಿಲ್ಲದಿದ್ದರೆ ಆ ಸಾಕೆಟ್ ಬಳಸಬೇಡಿ. ಹಳೆಯ ಮನೆಗಳ ಕೊಟ್ಟಿಗೆ ಸಾಕೆಟ್‌ಗಳಲ್ಲಿ ಮೂರನೇ ತೂತು ಸುಮ್ನೆ ಇರುತ್ತದೆ, ಹಿಂದೆ ವೈರೇ ಇರುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಮೋಡ ಕಟ್ಟಿದ ಕೂಡಲೇ ಪ್ಲಗ್ ಕಿತ್ತಿಡಿ.

ಇನ್ವರ್ಟರ್

ಮಿಕ್ಸಿ, ಲ್ಯಾಪ್‌ಟಾಪ್‌ಗೆ 1,000 ವ್ಯಾಟ್‌ನ ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂಥದ್ದೇ ಕೊಡುವ) ಇನ್ವರ್ಟರ್ ಸಾಕು. ದೀಪ, ಫ್ಯಾನ್, ಪಂಪ್, ಫ್ರಿಜ್ ನೇರ 12 ವೋಲ್ಟ್‌ನಲ್ಲೇ ಓಡಲಿ. ಇನ್ವರ್ಟರ್ ಸುಮ್ಮನೆ ಆನ್ ಇದ್ದರೂ 10ರಿಂದ 20 ವ್ಯಾಟ್ ತಿನ್ನುತ್ತದೆ. 24 ಗಂಟೆ ಬಿಟ್ಟರೆ ಅದೇ 240ರಿಂದ 480 ವ್ಯಾಟ್-ಅವರ್. ಮಿಕ್ಸಿ ತಿರುಗಿಸಿದ ಮೇಲೆ ಆಫ್ ಮಾಡಿ. ಹೊರಗಿನ ಕರೆಂಟೂ ಇನ್ವರ್ಟರ್ ಕರೆಂಟೂ ಒಂದೇ ಲೈನಿನಲ್ಲಿ ಸೇರದಂತೆ ಚೇಂಜ್‌ಓವರ್ ಸ್ವಿಚ್ ಬೇಕು. ಇನ್ವರ್ಟರ್‌ನ ನ್ಯೂಟ್ರಲ್ ಮತ್ತು ಅರ್ಥ್ ಜೋಡಣೆ ಸರಿ ಇಲ್ಲದಿದ್ದರೆ ಆ ಕಡೆಗೆ ಹಾಕಿದ ಆರ್‌ಸಿಸಿಬಿ ಕೆಲಸ ಮಾಡುವುದಿಲ್ಲ. ಈ 230 ವೋಲ್ಟ್ ಭಾಗವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ವೈರ್ ಮತ್ತು ಫ್ಯೂಸ್

12 ವೋಲ್ಟ್ ಅಂದರೆ ಅಪಾಯ ಇಲ್ಲ ಅನ್ನುವ ನಂಬಿಕೆ ಇದೆ. ಶಾಕ್ ಹೊಡೆಯುವುದಿಲ್ಲ, ನಿಜ. ಬೆಂಕಿ ಹತ್ತುತ್ತದೆ. 1,000 ವ್ಯಾಟ್ ಇನ್ವರ್ಟರ್ ಪೂರ್ತಿ ಹೊರೆಯಲ್ಲಿ ಬ್ಯಾಟರಿಯಿಂದ ಸುಮಾರು 90 ಆಂಪಿಯರ್ ಎಳೆಯುತ್ತದೆ. ಮನೆಯ 15 ಆಂಪಿಯರ್ ಸಾಕೆಟ್‌ನ ಆರು ಪಟ್ಟು. ವೋಲ್ಟೇಜ್ ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಆಂಪಿಯರ್ ಏರುತ್ತದೆ, ಅದಕ್ಕೆ ತಕ್ಕ ದಪ್ಪ ವೈರ್ ಬೇಕು.

ಎಷ್ಟು ದಪ್ಪ? ಒಂದು ಸುಲಭ ಲೆಕ್ಕ ಇದೆ. ಮೀಟರಿನಲ್ಲಿ ದೂರವನ್ನು 2ರಿಂದ ಗುಣಿಸಿ, ಆಂಪಿಯರ್‌ನಿಂದ ಗುಣಿಸಿ, 0.0175ರಿಂದ ಗುಣಿಸಿ, ವೈರಿನ ಸ್ಕ್ವೇರ್ ಎಂಎಂನಿಂದ ಭಾಗಿಸಿ. ಬರುವುದು ದಾರಿಯಲ್ಲಿ ಕಳೆದುಹೋಗುವ ವೋಲ್ಟ್. ಫ್ರಿಜ್ 4 ಮೀಟರ್ ದೂರದಲ್ಲಿದೆ, 5 ಆಂಪಿಯರ್ ಎಳೆಯುತ್ತದೆ ಅನ್ನಿ. 1.5 ಸ್ಕ್ವೇರ್ ಎಂಎಂ ವೈರಿನಲ್ಲಿ 0.47 ವೋಲ್ಟ್ ಹೋಗುತ್ತದೆ. 4 ಸ್ಕ್ವೇರ್ ಎಂಎಂನಲ್ಲಿ 0.18 ಮಾತ್ರ. ವೋಲ್ಟೇಜ್ ಬಿದ್ದರೆ ಫ್ರಿಜ್ ತಾನೇ ಆಫ್ ಆಗುತ್ತದೆ, ಹಾಗಾಗಿ ಅದಕ್ಕೆ 4 ಹಾಕಿ. ದೀಪಗಳಿಗೆ 1.5, ಪಂಪ್‌ಗೆ 2.5. ಇನ್ವರ್ಟರ್‌ಗೆ 35 ಸ್ಕ್ವೇರ್ ಎಂಎಂ, ಉದ್ದ ಒಂದು ಮೀಟರ್ ಒಳಗೆ.

ದಪ್ಪ ಕೇಬಲ್ ಅಂತ ವೆಲ್ಡಿಂಗ್ ಕೇಬಲ್ ಕೊಡುತ್ತಾರೆ. ಕೊಳ್ಳುವ ಮೊದಲು ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ಅಲ್ಯುಮಿನಿಯಂ, ಮೇಲೆ ಮಾತ್ರ ತಾಮ್ರದ ಬಣ್ಣ. ಅದು ಬೇಡ. ತುದಿಗೆ ಲಗ್ (ಬೋಲ್ಟ್ ಹಾಕಲು ತೂತಿರುವ ಲೋಹದ ತುದಿ) ಹಾಕುವಾಗ ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಸಾಲದು. ಲಗ್ಗನ್ನು ಒತ್ತಿ ಬಿಗಿಯುವ ಹೈಡ್ರಾಲಿಕ್ ಕ್ರಿಂಪಿಂಗ್ ಯಂತ್ರ ಇರುವ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿಕೊಳ್ಳಿ. ಸಡಿಲ ಲಗ್ ಕಾಯುತ್ತದೆ, ಕಾದ ಲಗ್ ಪ್ಲಾಸ್ಟಿಕ್ ಕರಗಿಸುತ್ತದೆ.

ಫ್ಯೂಸ್ ಇರುವುದು ವೈರನ್ನು ಕಾಯಲು. ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಮುಖ್ಯ ಫ್ಯೂಸ್ ಇರಬೇಕು, 125 ಆಂಪಿಯರ್‌ನದು. ಲಿಥಿಯಂ ಬ್ಯಾಟರಿ ಶಾರ್ಟ್ ಆದಾಗ ಸಾವಿರಗಟ್ಟಲೆ ಆಂಪಿಯರ್ ನುಗ್ಗಬಹುದು. ಅಗ್ಗದ ಫ್ಯೂಸ್ ಸುಟ್ಟರೂ ಒಳಗೆ ಕಿಡಿ ಉರಿಯುತ್ತಲೇ ಇರಬಹುದು. ಅದಕ್ಕೇ ಇಲ್ಲಿ ಅಷ್ಟು ದೊಡ್ಡ ಕರೆಂಟನ್ನೂ ಕಡಿಯಬಲ್ಲ ಕ್ಲಾಸ್-ಟಿ ಫ್ಯೂಸ್ ಹಾಕಿ. ಅಂಗಡಿಯಲ್ಲಿ ಸಿಗದಿದ್ದರೆ ತರಿಸಿಕೊಳ್ಳಿ, ಕಾಯಿರಿ. ಅದಾದ ಮೇಲೆ ಬ್ಯಾಟರಿಯನ್ನು ಪೂರ್ತಿ ಬೇರ್ಪಡಿಸುವ ಐಸೊಲೇಟರ್ ಸ್ವಿಚ್, ಆಮೇಲೆ ಎಲ್ಲ ವೈರ್ ಸೇರುವ ಲೋಹದ ಪಟ್ಟಿ, ಅಂದರೆ ಬಸ್‌ಬಾರ್, ಅಲ್ಲಿಂದ ಬ್ಲೇಡ್ ಫ್ಯೂಸ್ ಪೆಟ್ಟಿಗೆ: ದೀಪಕ್ಕೆ 5, ಪಂಪ್‌ಗೆ 10, ಫ್ರಿಜ್‌ಗೆ 15 ಆಂಪಿಯರ್.

ಮನೆಯ ಎಂಸಿಬಿಯನ್ನು ಡಿಸಿ ಲೈನಿಗೆ ಹಾಕುವುದನ್ನು ಅಲ್ಲಲ್ಲಿ ನೋಡಿದ್ದೇನೆ. ಮಾಡಬೇಡಿ. ಮನೆಯ ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಶೂನ್ಯಕ್ಕೆ ಬರುತ್ತದೆ, ಆಗ ಕಿಡಿ ತಾನೇ ಆರುತ್ತದೆ. ಡಿಸಿ ಎಂದೂ ಶೂನ್ಯಕ್ಕೆ ಬರುವುದಿಲ್ಲ. ಡಿಸಿ ಅಂತ ಬರೆದ ಬ್ರೇಕರ್‌ ಮಾತ್ರ ಬಳಸಿ.

ನೆಗೆಟಿವ್ ಕಡೆ ಶಂಟ್ (ಕರೆಂಟ್ ಅಳೆಯುವ ತುಂಡು) ಇರುವ ಬ್ಯಾಟರಿ ಮಾನಿಟರ್ ಹಾಕಲೇಬೇಕು. ಲಿಥಿಯಂನಲ್ಲಿ ವೋಲ್ಟ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲು ಬರುವುದಿಲ್ಲ. ಮುಕ್ಕಾಲು ತುಂಬಿದ್ದರೂ ಅರ್ಧ ಇದ್ದರೂ 13 ವೋಲ್ಟ್‌ನ ಆಸುಪಾಸಿನಲ್ಲೇ ಇರುತ್ತದೆ, ಕೊನೆಯಲ್ಲಿ ದಿಢೀರನೆ ಬೀಳುತ್ತದೆ. ಶಂಟ್ ಒಳಬಂದ, ಹೊರಹೋದ ಕರೆಂಟನ್ನು ಎಣಿಸುತ್ತದೆ. ಅದು ಸರಿ ಎಣಿಸಬೇಕಾದರೆ ಎಲ್ಲ ನೆಗೆಟಿವ್ ವೈರೂ ಶಂಟ್‌ನ ಆಚೆ ಬದಿಗೇ ಸೇರಬೇಕು, ಬ್ಯಾಟರಿಗೆ ನೇರ ಒಂದೂ ಹೋಗಬಾರದು.

ಬ್ಯಾಟರಿ ಎಲ್ಲಿಡಬೇಕು?

ಅಚ್ಚಿನ ಹತ್ತಿರ, ತಳದಲ್ಲಿ, ಒಳಗಿನ ಬೆಂಚಿನ ಕೆಳಗೆ. ಹಿಂದಿನ ತುದಿಯಲ್ಲಿ ಭಾರ ಇದ್ದರೆ ಟ್ರೇಲರ್ ಓಲಾಡುತ್ತದೆ. ಹುಲಿಕಲ್ ಘಾಟಿ ಇಳಿಯುವಾಗ ಓಲಾಟ ಶುರುವಾದರೆ ಹಿಡಿಯುವುದು ಕಷ್ಟ. ಬ್ಯಾಟರಿಯನ್ನು ಪಟ್ಟಿ ಹಾಕಿ ಚಾಸಿಗೆ ಬೋಲ್ಟ್ ಬಿಗಿಯಿರಿ. ಗ್ಯಾಸ್ ಸಿಲಿಂಡರ್ ಇರುವ ಗೂಡಿನಲ್ಲಿ ಮಾತ್ರ ಬ್ಯಾಟರಿ, ಸ್ವಿಚ್, ಫ್ಯೂಸ್ ಯಾವುದೂ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಳದಲ್ಲಿ ನಿಲ್ಲುತ್ತದೆ. ಒಂದು ಕಿಡಿ ಸಾಕು.

ಮಳೆಗಾಲದ ಶೀತಕ್ಕೆ ಇಲ್ಲಿ ಬಟ್ಟೆ, ಚಪ್ಪಲಿ ಎಲ್ಲ ಬೂಷ್ಟು ಹಿಡಿಯುತ್ತದೆ. ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುವುದೂ ಅದೇ ಶೀತಕ್ಕೆ. ತವರ ಲೇಪಿಸಿದ ಲಗ್‌ಗಳನ್ನೇ ಬಳಸಿ. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿ ಬಿಸಿ ಮಾಡಿದರೆ ಲಗ್ ಬಾಯಿ ಮುಚ್ಚುತ್ತದೆ. ಬಿಗಿದ ಮೇಲೆ ಟರ್ಮಿನಲ್‌ಗೆ ವ್ಯಾಸಲೀನ್ ಸವರಿ. ಮಾಡಿನಿಂದ ವೈರ್ ಒಳಗೆ ಬರುವ ಕಡೆ ಕೇಬಲ್ ಗ್ಲ್ಯಾಂಡ್ (ವೈರಿನ ಸುತ್ತ ಬಿಗಿದು ನೀರು ತಡೆಯುವ ಬಿರಡೆ) ಹಾಕಿ, ತೂತಿನ ಮೊದಲು ವೈರನ್ನು ಸ್ವಲ್ಪ ಕೆಳಕ್ಕೆ ಬಗ್ಗಿಸಿ ಬಿಡಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ತೋಟದ ಬದಿ ನಿಲ್ಲಿಸಿದ ಗಾಡಿಗೆ ಇಲಿ ಬಂದೇ ಬರುತ್ತದೆ. ತಳದಲ್ಲಿ ಹೋಗುವ ವೈರಿಗೆಲ್ಲ ಕಾಂಡ್ಯೂಟ್ ಪೈಪ್ ಹಾಕಿ, ತೂತುಗಳನ್ನು ಮುಚ್ಚಿ.

ಜೋಡಿಸುವ ಕ್ರಮ, ಪರೀಕ್ಷೆ

ಕೈಯ ಉಂಗುರ, ಬಳೆ, ಕತ್ತಿನ ಸರ ತೆಗೆದಿಡಿ. ಸ್ಪ್ಯಾನರ್ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಎಲ್ಲ ವೈರಿಂಗ್ ಮುಗಿಯುವವರೆಗೂ ಮುಖ್ಯ ಫ್ಯೂಸ್ ಹೊರಗೇ ಇರಲಿ, ಐಸೊಲೇಟರ್ ಆಫ್ ಇರಲಿ. ಮಲ್ಟಿಮೀಟರ್‌ನಲ್ಲಿ ಪಾಸಿಟಿವ್, ನೆಗೆಟಿವ್ ಬಸ್‌ಬಾರ್‌ಗಳ ನಡುವೆ ಶಾರ್ಟ್ ಇಲ್ಲ ಅಂತ ನೋಡಿ, ಆಮೇಲೆ ಫ್ಯೂಸ್ ಕೂರಿಸಿ. ಸೋಲಾರ್ ಕಂಟ್ರೋಲರ್‌ಗೆ ಮೊದಲು ಬ್ಯಾಟರಿ ಕೊಡಿ, ನಂತರ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್.

ಒಂದೊಂದೇ ಸಾಮಾನು ಆನ್ ಮಾಡಿ. ಕೊನೆಗೆ ಇನ್ವರ್ಟರ್‌ಗೆ ದೊಡ್ಡ ಹೊರೆ ಕೊಟ್ಟು ಬ್ಯಾಟರಿ ತುದಿಯಲ್ಲಿ ಒಮ್ಮೆ, ಇನ್ವರ್ಟರ್ ತುದಿಯಲ್ಲಿ ಒಮ್ಮೆ ವೋಲ್ಟ್ ಅಳೆಯಿರಿ. ವ್ಯತ್ಯಾಸ 0.3ಕ್ಕಿಂತ ಹೆಚ್ಚಿದ್ದರೆ ಎಲ್ಲೋ ಲಗ್ ಸಡಿಲ ಇದೆ, ಅಥವಾ ಕೇಬಲ್ ಸಣ್ಣದು. ಹೊರೆ ತೆಗೆದು ಪ್ರತಿ ಲಗ್ ಹತ್ತಿರ ಕೈ ಹಿಡಿದು ನೋಡಿ. ಉಳಿದವು ತಣ್ಣಗಿದ್ದು ಒಂದು ಬಿಸಿ ಇದ್ದರೆ ಅದೇ ಕಳ್ಳ.

ದೂರದ ಪ್ರಯಾಣಕ್ಕೆ ಮೊದಲು ಒಂದು ಘಾಟಿ ಹತ್ತಿ ಇಳಿದು ಬನ್ನಿ. ವಾಪಸ್ ಬಂದು ಎಲ್ಲ ಬೋಲ್ಟ್‌ಗಳನ್ನು ಮತ್ತೆ ಬಿಗಿಯಿರಿ. ನಮ್ಮ ರಸ್ತೆಗಳ ಅದುರಾಟಕ್ಕೆ ಮೊದಲ ಸಲ ಒಂದೆರಡಾದರೂ ಸಡಿಲ ಆಗಿರುತ್ತವೆ. ಎಬಿಸಿ ಪುಡಿಯ ಬೆಂಕಿ ಆರಿಸುವ ಸಿಲಿಂಡರ್ ಒಂದನ್ನು ಬಾಗಿಲ ಪಕ್ಕ, ಹೊರಗಿನಿಂದಲೂ ಕೈಗೆ ಸಿಗುವಂತೆ ಇಡಿ.

ತಿರುಗಾಟ ಮುಗಿದು ತಿಂಗಳುಗಟ್ಟಲೆ ಟ್ರೇಲರ್ ನಿಲ್ಲಿಸುವುದಾದರೆ ಬ್ಯಾಟರಿಯನ್ನು ಪೂರ್ತಿ ತುಂಬಿ ಇಡಬೇಡಿ. ಅರ್ಧಕ್ಕೆ ತಂದು ಐಸೊಲೇಟರ್ ಆಫ್ ಮಾಡಿ. ಸೋಲಾರ್ ಪ್ಯಾನೆಲನ್ನೂ ಬೇರ್ಪಡಿಸಿ. ಎರಡು ಮೂರು ತಿಂಗಳಿಗೊಮ್ಮೆ ಮಾನಿಟರ್ ನೋಡಿ, ಶೇಕಡಾ 30ಕ್ಕೆ ಇಳಿದಿದ್ದರೆ ಮತ್ತೆ ಅರ್ಧಕ್ಕೆ ತುಂಬಿಸಿ.